ಬಲಗಡೆಯಿಂದ ತೆರೆಯುವ ಪುಸ್ತಕ

ನಾನು ಹೇಗೆ ಬರೆಯುತ್ತೇನೆ ಎಂದು ಕೇಳುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನನ್ನ ಮೈಮೇಲೆ ಯಾವ ದೇವರೂ ಬರುವುದಿಲ್ಲ. ಕನಸಿನಲ್ಲಿ ಯಾರೂ ಬಂದು ಕಿವಿಯಲ್ಲಿ ಕಥೆ ಊದಿ ಹೋಗುವುದಿಲ್ಲ. ಮಸ್ಕಿಯಲ್ಲಿ ಅರ್ಧ ಮಂದಿ ಹಾಗೆಯೇ ನಂಬಿದ್ದಾರೆ. ಒಬ್ಬಾಕೆಯಂತೂ ನಾನು ಬರೆಯುವ ಹೊತ್ತು ನೋಡಿಕೊಂಡು ಬಂದು, ಅಡ್ಡಬಿದ್ದು, ತನ್ನ ಎಮ್ಮೆ ಯಾವಾಗ ಈಯುತ್ತದೆ ಎಂದು ಕೇಳಿದಳು. ಕಾಲಿರುವ ಹೊಳೆ, ಬಾಯಿಲ್ಲದ ಮಾಂತ್ರಿಕ, ಕಲ್ಲು ಮೇಯುವ ಕುರಿ, ಇವನ್ನೆಲ್ಲ ಹುಟ್ಟಿಸಿದವಳು ನಾನು. ಎಚ್ಚರವಿದ್ದಾಗ, ಹಾಡಹಗಲಲ್ಲಿ, ಹೊಟ್ಟೆ ತುಂಬ ರೊಟ್ಟಿ ಉಂಡು ಹುಟ್ಟಿಸಿದ್ದು.

ಇದನ್ನೂ ನಾನೇ ಬರೆಯುತ್ತಿದ್ದೇನೆ. ನಾನು ಬರೆದದ್ದನ್ನು ಓದುತ್ತಾ ಹೋಗುತ್ತೇನೆ, ಶಾಕೀರಾ ಅದನ್ನು ಕನ್ನಡ ಅಕ್ಷರಕ್ಕೆ ಇಳಿಸುತ್ತಾಳೆ. ಅವಳೀಗ ಟೀಚರು. ಹಾಗಾಗಿ ನನ್ನ ಮಾತನ್ನು ಪುಸ್ತಕದ ಮಾತಿಗೆ ತಿರುವುತ್ತಾಳೆ, ತಿರುವಲಿ. ಮಂದಿ ಬಾಯಲ್ಲಿ ಆಡಿದ್ದಕ್ಕೆ ಮಾತ್ರ ಕೈ ಹಚ್ಚಬಾರದು ಎಂದು ನಮ್ಮಿಬ್ಬರ ಕರಾರು.

ಸರಕಾರದ ಕಾಗದದಲ್ಲಿ ನಾನು, ಹೊನ್ನೂರಪ್ಪನ ಹೆಂಡತಿ ಗ್ಯಾನಮ್ಮ, ಓದುಬರಹ ಬಾರದವಳು. ಕನ್ನಡ ನಾಡು ಒಂದಾದ ಮರುವರ್ಷ ರೇಷನ್ ಕಾರ್ಡು ಬರೆದುಕೊಳ್ಳಲು ಒಬ್ಬ ಕಾರಕೂನ ಮನೆಗೆ ಬಂದಿದ್ದ. "ಕನ್ನಡ ಬರೆಯಾಕ ಬರ್ತದೇನವ್ವಾ?" ಎಂದು ಕೇಳಿದ. ಬರುವುದಿಲ್ಲ ಎಂದೆ, ಅದು ನಿಜವೇ. ಬೇರೆ ಏನಾದರೂ ಬರೆಯಲು ಬರುತ್ತದೆಯೇ ಎಂದು ಅವನು ಕೇಳಲಿಲ್ಲ. ನನ್ನ ಹೆಬ್ಬೆರಳು ಹಿಡಿದು ಮಸಿಗೆ ಅದ್ದಿ ಒತ್ತಿಸಿಕೊಂಡು ಹೋದ. ಆ ಹೊತ್ತಿಗಾಗಲೇ ಜೋಳ ತುಂಬಿಡುವ ಗುಮ್ಮಿಯ ಹಿಂದೆ ನಾನು ತುಂಬಿಸಿಟ್ಟ ಎರಡು ನೋಟುಬುಕ್ಕುಗಳಿದ್ದವು.

ನಿಜಾಮರ ಕಾಲದಲ್ಲಿ ನಮ್ಮ ಊರಿನ ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ, ಅದೂ ಗಂಡುಹುಡುಗರಿಗೆ. ಹೆಣ್ಣುಹುಡುಗಿಯರಿಗೆ ಲಾಲ್‌ಬೀ ಎಂಬಾಕೆ ತನ್ನ ಮನೆಯ ಅಂಗಳದಲ್ಲಿ ಅಕ್ಷರ ಹೇಳಿಕೊಡುತ್ತಿದ್ದಳು. ನನ್ನವ್ವ ಅವರ ಮನೆಗೆ ಕಾಳು ಬೀಸಲು, ಕುಟ್ಟಲು ಹೋಗುತ್ತಿದ್ದಳು. ಅವ್ವ ಕುಟ್ಟುವಷ್ಟು ಹೊತ್ತು ನಾನು ಆ ಹುಡುಗಿಯರ ಹಿಂದೆ ಕೂತು ಮಣ್ಣಿನಲ್ಲಿ ಬೆರಳಾಡಿಸುತ್ತಿದ್ದೆ. ಲಾಲ್‌ಬೀ ನೋಡಿದಳು, ಎಬ್ಬಿಸಲಿಲ್ಲ, ಮರುದಿನ ಬರೆಯಲು ಒಂದು ಪಾಟಿ ಕೊಟ್ಟಳು. ಉರ್ದು ಮಾತು ನನಗೆ ಬಾಯಿಗೆ ಹತ್ತಲಿಲ್ಲ, ಅಕ್ಷರ ಹತ್ತಿತು. ಆ ಅಕ್ಷರದಲ್ಲಿ ನಮ್ಮ ಮನೆಯ ಮಾತು ಬರೆದು ಹೆದರುತ್ತಾ ತೋರಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಅಕ್ಷರ ಅಂದ್ರ ಚೀಲ ಐತಿ ಬೇ. ಜೋಳ ತುಂಬಿದ್ರ ಜೋಳ ಒಯ್ತದ, ತೊಗರಿ ತುಂಬಿದ್ರ ತೊಗರಿ ಒಯ್ತದ. ಬರಿ" ಎಂದಳು.

ಅವತ್ತಿನಿಂದ ಇವತ್ತಿನವರೆಗೆ ನಾನು ಬರೆಯುವುದು ಹಾಗೆಯೇ. ಮಾತು ಕನ್ನಡ, ಅಕ್ಷರ ಉರ್ದು, ಬಲಗಡೆಯಿಂದ ಎಡಗಡೆಗೆ. ನಮ್ಮ 'ಹೊಳೆ'ಯಲ್ಲಿರುವ ಳಕಾರಕ್ಕೆ ಅಲ್ಲಿ ಜಾಗವಿಲ್ಲ. ನಾನೇ ಒಂದು ಅಕ್ಷರದ ಕೆಳಗೆ ಚುಕ್ಕೆ ಇಟ್ಟು ಜಾಗ ಮಾಡಿಕೊಂಡೆ. ಯಾವ ಪಂಡಿತರನ್ನೂ ಕೇಳಲು ಹೋಗಲಿಲ್ಲ.

ಕೂಲಿ ಇಲ್ಲದ ದಿನ, ಮಧ್ಯಾಹ್ನದ ಊಟ ಮುಗಿದ ಮೇಲೆ, ಬೀಸುವ ಕಲ್ಲಿನ ಮೇಲೆ ನೋಟುಬುಕ್ಕು ಇಟ್ಟುಕೊಂಡು ಕೂರುತ್ತೇನೆ. ಪೆನ್ಸಿಲ್ಲೇ ಆಗಬೇಕು, ಮಸಿ ನನ್ನ ಬೆವರಿಗೆ ನಿಲ್ಲುವುದಿಲ್ಲ. ಪೆನ್ಸಿಲ್ ಚೂಪು ಮಾಡುವುದು ಹೊನ್ನೂರಪ್ಪನ ಕೆಲಸ. ಗಡ್ಡ ಹೆರೆದುಕೊಳ್ಳುವ ಬ್ಲೇಡಿನಲ್ಲಿ ಐದಾರು ಪೆನ್ಸಿಲ್ ಕೆತ್ತಿ ಸಾಲಾಗಿ ಇಟ್ಟು ಎತ್ತಿನ ಕಡೆ ಹೋಗುತ್ತಾನೆ. ಹೆಂಡತಿ ಬರೆಯುತ್ತಾಳಂತಲ್ಲ ಎಂದು ಯಾರಾದರೂ ಕೆಣಕಿದರೆ, "ಬರೀಲಿ. ನನ್ನ ರೊಟ್ಟಿ ಏನು ಕಡಿಮಿ ಆಗಿಲ್ಲ" ಎನ್ನುತ್ತಾನೆ. ಕಥೆ ಏನೆಂದು ಮಾತ್ರ ಮದುವೆಯಾಗಿ ಹದಿನೆಂಟು ವರ್ಷ ಒಂದು ದಿನವೂ ಕೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ಬರೆದ ಮೇಲೆ ಅದು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇದನ್ನು ನನಗೆ ಕಾಲುವೆ ಕಲಿಸಿತು. ಕಾಲುವೆಯ ನೀರು ಸಿಂಧನೂರಿಗೆ ಬಂದು ಅಲ್ಲಿಯ ಕರಿನೆಲವೆಲ್ಲ ಗದ್ದೆಯಾಗುತ್ತಿದ್ದ ಹಾಗೆ ನಮ್ಮ ಕಡೆಯ ಹೆಂಗಸರು ನಾಟಿಗೆ ಹೋಗತೊಡಗಿದರು. ಬೆಳಗಾಗುತ್ತಲೇ ಟ್ರ್ಯಾಕ್ಟರಿನ ಡಬ್ಬಿಯಲ್ಲಿ ನಿಂತು, ಹೊರಗಿನಿಂದ ಬಂದ ರೈತರು ನೆಲೆಯೂರಿದ ಕ್ಯಾಂಪಿನ ಕಡೆ ಹೋಗುತ್ತಿದ್ದೆವು. ಮೊಳಕಾಲಿನವರೆಗೆ ಕೆಸರು, ಬಗ್ಗಿಸಿದ ನಡು ಎತ್ತುವ ಹಾಗಿಲ್ಲ, ಸಸಿ ಹಚ್ಚುತ್ತಾ ಹಿಂದೆ ಹಿಂದೆ ಸರಿಯಬೇಕು. ಬೇಸರ ಕಳೆಯಲಿ ಎಂದು ನಾನು ಬರೆದದ್ದನ್ನು ಹೇಳತೊಡಗಿದೆ. ಕಥೆ ಸಪ್ಪೆಯಾದರೆ ಅವರ ಕೈ ಸರಸರ ನಡೆಯುತ್ತಿತ್ತು. ಕಥೆ ಹಿಡಿದುಕೊಂಡರೆ ಕೈ ನಿಲ್ಲುತ್ತಿತ್ತು. ಸಸಿ ಬೆರಳಲ್ಲೇ ಇರುತ್ತಿತ್ತು, ಕಾಲು ಮಾತ್ರ ಅಭ್ಯಾಸಬಲದಿಂದ ಹಿಂದಕ್ಕೆ ಸರಿಯುತ್ತಿತ್ತು, ಒಂದು ಮಾರು ಜಾಗ ಖಾಲಿ ಉಳಿಯುತ್ತಿತ್ತು. ಒಂದು ತಿಂಗಳು ಬಿಟ್ಟು ದಂಡೆಯ ಮೇಲೆ ನಿಂತರೆ ಎಲ್ಲೆಲ್ಲಿ ನನ್ನ ಕಥೆ ಚೆನ್ನಾಗಿತ್ತೋ ಅಲ್ಲೆಲ್ಲ ಗದ್ದೆ ಬೋಳಾಗಿ ಕಾಣುತ್ತಿತ್ತು.

ಗದ್ದೆಯ ಧಣಿ ಆಂಧ್ರದ ಕಡೆಯಿಂದ ಬಂದವನು, ಕೆಲಸದಲ್ಲಿ ಬಲು ಚೊಕ್ಕ. ದಂಡೆಯ ಮೇಲಿಂದ ಕೂಗಿದ.

"ಏಮಮ್ಮಾ ಗ್ಯಾನಮ್ಮ, ನಾಟಿ ಮಾಡಾಕ ಬಂದೀಯೋ, ಪುರಾಣ ಹೇಳಾಕ ಬಂದೀಯೋ?"

ಎರಡು ದಿನ ಬಾಯಿ ಮುಚ್ಚಿಕೊಂಡು ಸಸಿ ಹಚ್ಚಿದೆ. ಮೂರನೆಯ ದಿನ ಅವನೇ ಕೊಡೆ ಹಿಡಿದು ದಂಡೆಯ ಮೇಲೆ ಬಂದು ನಿಂತ. ಅತ್ತ ಇತ್ತ ನೋಡಿ, "ಆ ಹೊಳಿ ಮುಂದ ಎದ್ದಿತಾ, ಲೇದಾ?" ಎಂದ.

ಕೈ ನಿಲ್ಲದ ಭಾಗವನ್ನು ಮನೆಗೆ ಬಂದು ಹರಿದುಹಾಕುತ್ತಿದ್ದೆ, ಎಷ್ಟೇ ಪುಟವಿರಲಿ. ಹಾಗೆ ಎರಡು ವರ್ಷದ ನಾಟಿಯಲ್ಲಿ ತೂರಿ ಕೇರಿ ಉಳಿದದ್ದು ನನ್ನ ಮೊದಲ ಕಾದಂಬರಿ, 'ಹೊಳೆ ಕಾಯುವವಳು'. ಅದರಲ್ಲಿ ಹೊಳೆಗೆ ದನದ ಹಾಗೆ ಕಾಲಿವೆ. ದುರುಗಿ ಎಂಬ ಹುಡುಗಿ ಅದಕ್ಕೆ ಹಗ್ಗ ಹಾಕಿ ಬೆಟ್ಟದ ಮೇಲಿಂದ ಒಣಭೂಮಿಗೆ ಹೊಡೆದುಕೊಂಡು ಬರುತ್ತಾಳೆ. ಬಾಯಿಲ್ಲದ ಮಾಂತ್ರಿಕ ಅವಳ ಬೆನ್ನು ಹತ್ತುತ್ತಾನೆ. ಅವನ ಮೂಗಿನ ಕೆಳಗೆ ಬರೀ ಚರ್ಮ. ಮಲಗಿದವರ ಬಾಯಿ ಕಿತ್ತು ತನಗೆ ಅಂಟಿಸಿಕೊಂಡು ಮಾತಾಡುತ್ತಾನೆ. ಕೊನೆಗೆ ಹೊಳೆ ಬೆದರಿ ಒಂದು ಪಾಳುಬಾವಿಗೆ ಬಿದ್ದು, ಅಲ್ಲೇ ಮಲಗಿ, ಏಳುವುದಿಲ್ಲ ಎಂದು ಹಟ ಹಿಡಿಯುತ್ತದೆ. ಮೊದಲ ಭಾಗ ಅಲ್ಲಿಗೆ ಮುಗಿಯುತ್ತದೆ.

ಶಾಕೀರಾ ಲಾಲ್‌ಬೀಯ ಮೊಮ್ಮಗಳು. ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದಳು. ನಾನು ಓದಿದ್ದನ್ನು ಮೂರು ತಿಂಗಳು ಕೂತು ಕನ್ನಡ ಅಕ್ಷರದಲ್ಲಿ ಬರೆದಳು. ಅಚ್ಚು ಹಾಕಿಸುವುದು ಹೇಗೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಶಾಲೆಯ ವೆಂಕೋಬ ಮಾಸ್ತರು ಪತ್ರಿಕೆಗೆ ಪದ್ಯ ಕಳಿಸುವವರು, ಅವರಿಗೆ ಗೊತ್ತಿತ್ತು. ಗದಗಿನ ಪ್ರಕಾಶಕರಿಗೆ ತಾವೇ ಕಳಿಸುವುದಾಗಿ ಹೇಳಿ ಕಟ್ಟನ್ನು ತೆಗೆದುಕೊಂಡು ಹೋದರು. ಕೈಮುಗಿದು ಕೊಟ್ಟೆ. ಶಾಕೀರಾ ಟೀಚರ್ ಟ್ರೇನಿಂಗಿಗೆ ಲಿಂಗಸೂಗೂರಿಗೆ ಹೋದಳು.

ಒಂದು ವರ್ಷದ ಮೇಲೆ, ಅರವತ್ತೆಂಟರ ಬೇಸಿಗೆಯಲ್ಲಿ, ಮಾಸ್ತರು ಪುಸ್ತಕ ತಂದುಕೊಟ್ಟರು. ನಾನು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡೆ. ನನಗೆ ಅಭ್ಯಾಸವಿದ್ದ ಹಾಗೆ, ಬಲಗಡೆಯಿಂದ ತೆರೆಯುವಂತೆ ತಿರುವಿ ಹಿಡಿದೆ. ಅಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು, ಕೆಳಗೆ ಸಣ್ಣದಾಗಿ ನಾಲ್ಕು ಸಾಲು.

"ನನ್ನ ಹೆಸರು ಇದ ಏನ್ರೀ ಮಾಸ್ತರ?" ಎಂದು ದಪ್ಪ ಸಾಲಿನ ಮೇಲೆ ಬೆರಳಿಟ್ಟೆ.

ಮಾಸ್ತರು ನನ್ನ ಬೆರಳಿನ ಕಡೆ ನೋಡಿದರು. ಆಮೇಲೆ "ಹೂಂ" ಎಂದರು.

ಆ ಸಾಲಿಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಜಗಲಿಯ ಮೇಲೆ ಇಟ್ಟೆ. ನಾಟಿಯ ಗೆಳತಿಯರನ್ನೆಲ್ಲ ಕರೆದು ಬೆಲ್ಲ ಹಂಚಿ ಆ ಸಾಲನ್ನೇ ತೋರಿಸಿದೆ. ಅವರಲ್ಲಿ ಹಿರಿಯಳಾದ ಆದೆಮ್ಮ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಹನ್ನೊಂದು ದಿನ ಹಾಗೆಯೇ ನಡೆಯಿತು. ಹನ್ನೆರಡನೆಯ ದಿನ ಶಾಕೀರಾ ರಜೆಗೆ ಬಂದಳು. ಕುಂಕುಮ ನೋಡಿದಳು, ಪುಸ್ತಕ ತಿರುವಿದಳು, ಮುಖ ಕಪ್ಪಿಟ್ಟಿತು.

"ಚಿಗವ್ವಾ, ಇದು ಹಿಂದಿನ ಪುಟ. ನೀ ಕುಂಕುಮ ಹಚ್ಚಿದ್ದು ಹಲ್ಲುಪುಡಿ ಜಾಹೀರಾತಿಗೆ."

"ನನ್ನ ಹೆಸರು?"

"ಮುಂದ ಹೆಸರು ಐತಿ. ವೆಂಕೋಬ ಮಾಸ್ತರದು."

ನನಗೆ ಮೊದಲು ಬಂದದ್ದು ಅಳುವಲ್ಲ, ನಾಚಿಕೆ. ಹಲ್ಲುಪುಡಿಗೆ ಊದಿನಕಡ್ಡಿ ಬೆಳಗಿದ್ದೆನಲ್ಲ, ಆದೆಮ್ಮನ ಕೈಯಲ್ಲಿ ಅದನ್ನು ಕಣ್ಣಿಗೆ ಒತ್ತಿಸಿದ್ದೆನಲ್ಲ ಎಂದು. ಆಮೇಲೆ ಬಂದದ್ದು ಸಿಟ್ಟು, ಮತ್ತು ಆ ಸಿಟ್ಟು ನಾಚಿಕೆಯನ್ನು ತಿಂದುಹಾಕಿತು. ಹೆಸರು ಕದ್ದದ್ದಕ್ಕಿಂತ ಆ ಒಂದು "ಹೂಂ" ನನ್ನನ್ನು ಉರಿಸಿತು. ನನ್ನ ಬೆರಳು ಎಲ್ಲಿದೆ ಎಂದು ಕಣ್ಣಾರೆ ನೋಡಿ ಹೂಂ ಎಂದ ಮನುಷ್ಯ ಅವನು. ಇನ್ನು ಮೇಲೆ ಅವನಿಗೆ ಈ ಬರಹದಲ್ಲಿ ಬಹುವಚನವಿಲ್ಲ. ಶಾಕೀರಾ ತಿದ್ದಬಾರದು.

ಮರುದಿನ ಬೆಳಗ್ಗೆ ಅವನ ಮನೆಗೆ ಹೋದೆ. ಮಂಚದ ಮೇಲೆ ಕೂತು, ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಿದ್ದ.

"ಪುಸ್ತಕದ ಮ್ಯಾಲೆ ನಿಮ್ಮ ಹೆಸರು ಐತಂತಲ್ರೀ ಮಾಸ್ತರ."

"ಕುಂದ್ರು ಗ್ಯಾನಮ್ಮ. ಚಾ ಕುಡಿ."

"ಚಾ ಕುಡ್ಯಾಕ ಬಂದಿಲ್ರಿ."

ಅವನು ಪೇಪರ್ ಮಡಚಿದ. "ನೋಡು, ನಿನ್ನ ಹೆಸರು ಹಾಕಿ ಕಳಿಸಿದ್ರ ಅವರು ಕಟ್ಟ ಬಿಚ್ತಿದ್ದಿಲ್ಲ. ಸಸಿ ಹಚ್ಚೋ ಹೆಣ್ಣುಮಗಳು, ಹೆಬ್ಬೆಟ್ಟು ಒತ್ತಾಕಿ, ಕಾದಂಬರಿ ಬರದಾಳ ಅಂದ್ರ ಯಾರು ನಂಬ್ತಾರ? ನಾ ಇದ್ದೆ ಅಂತ ನಿನ್ನ ಕಥಿ ಹೊರಗ ಬಂತು."

"ಕಥಿ ಹೊರಗ ಬಂತು. ನಾ ಒಳಗ ಉಳದೆನಲ್ರಿ."

"ಆ ಅಕ್ಷರದಾಗ ಬರದದ್ದು ಕನ್ನಡ ಹ್ಯಾಂಗ ಆಕತಿ? ಅದನ್ನ ಕನ್ನಡ ಮಾಡಿಸಿ ಕಳಿಸಿದಾವ ನಾನು." ಸ್ವಲ್ಪ ದನಿ ಇಳಿಸಿದ. "ಎರಡನೇ ಭಾಗ ಕೇಳ್ಯಾರ. ರಾಜ್ಯೋತ್ಸವಕ್ಕ ಲಿಂಗಸೂಗೂರಾಗ ಅದನ್ನ ಓದ್ತೀನಿ ಅಂತ ಒಪ್ಪಿಕೊಂಡೀನಿ, ಪ್ರಕಾಶಕರ ಕಡೆಯವರೂ ಬರ್ತಾರ. ಆ ನೋಟುಬುಕ್ಕು ಕೊಟ್ಟುಬಿಡು. ನಿನಗ ಒಂದು ಇಳಕಲ್ ಸೀರಿ ಕೊಡಸ್ತೀನಿ."

"ಸೀರಿ ನಿಮ್ಮ ಹೇಣ್ತಿಗೆ ಉಡಸ್ರಿ. ಎರಡನೇ ಭಾಗದ ಮ್ಯಾಲೆ ನನ್ನ ಹೆಸರು ಬರಬೇಕು. ಇಲ್ಲಂದ್ರ ಎರಡನೇ ಭಾಗ ಇಲ್ಲ."

"ಹಂಗಂದ್ರ ನಾನ ಬರಕೋತೀನಿ. ಅದೇನು ಮಹಾ ಕೆಲಸ?"

ಮಹಾ ಕೆಲಸವಲ್ಲವಂತೆ. ನಾನು ಹರಿದುಹಾಕಿದ ಪುಟಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಅವನ ಮಂಚದ ಎತ್ತರಕ್ಕೆ ಬರುತ್ತಿತ್ತು. ಬಾಗಿಲು ದಾಟಿ ಹೊರಗೆ ಬರುವಾಗ ಒಂದೇ ಮಾತು ಹೇಳಿದೆ.

"ಬರೀರಿ. ನಾನೂ ಕೇಳಾಕ ಬರ್ತೀನಿ."

ಮನೆಗೆ ಬಂದ ಮೇಲೆ ಲೆಕ್ಕ ಹಾಕತೊಡಗಿದೆ. ಅವನು ಏನೋ ಒಂದು ಬರೆದು ನನ್ನ ದುರುಗಿಯನ್ನು ಅಡ್ಡಾದಿಡ್ಡಿ ಮಾಡಿ ಅಚ್ಚು ಹಾಕಿಸಿದನೆಂದರೆ ಅದೇ ನಿಜವಾದ ಕಥೆಯಾಗಿಬಿಡುತ್ತದೆ. ಆಮೇಲೆ ನಾನು ಬರೆದದ್ದೇ ನಕಲಿ. ಶಾಕೀರಾಳನ್ನು ಸಾಕ್ಷಿ ಹೇಳಿಸೋಣವೆಂದರೆ, ಪ್ರತಿ ಮಾಡಲು ತಾನೇ ಆಕೆಯನ್ನು ಇಟ್ಟುಕೊಂಡಿದ್ದಾಗಿ ಹೇಳುತ್ತಾನೆ. ನನ್ನ ಹಳೆಯ ನೋಟುಬುಕ್ಕು ತೋರಿಸಿದರೆ, ಅಚ್ಚಾದ ಪುಸ್ತಕ ಓದಿಸಿಕೊಂಡು ಬರೆದಿದ್ದಾಳೆ ಎನ್ನುತ್ತಾನೆ. ಅವನ ಹತ್ತಿರ ಇಲ್ಲದ್ದು, ನನ್ನ ಹತ್ತಿರ ಇದ್ದದ್ದು ಒಂದೇ, ಮುಂದಿನ ಕಥೆ. ಮಳೆಗಾಲದ ನಾಟಿ ಮುಗಿಯುವವರೆಗೆ ಹಟ ಹಿಡಿದು ಬರೆದೆ. ಐದು ಅಧ್ಯಾಯ ಗದ್ದೆಯಲ್ಲಿ ಹೇಳಿ ಗಟ್ಟಿಯಾದವು. ಆರನೆಯದನ್ನು ಬರೆಯುವ ಹೊತ್ತಿಗೆ ನಾಟಿ ಮುಗಿದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ನವೆಂಬರ್ ಒಂದರಂದು ನಾನು, ಆದೆಮ್ಮ, ಇನ್ನೂ ಆರು ಮಂದಿ ಬಸ್ಸು ಹತ್ತಿದೆವು. ಅವರು ಕೂಲಿ ಬಿಟ್ಟು ಬರುವ ಹಾಗಿರಲಿಲ್ಲ. ಬೀಜದ ಶೇಂಗಾ ಒಡೆಯುವ ಗುತ್ತಿಗೆ ಹಿಡಿದಿದ್ದರು, ಎರಡು ಚೀಲ ಕಾಯಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡೇ ಬಂದರು. ಶಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ಮುಂದಿನ ಕುರ್ಚಿಗಳಲ್ಲಿ ಕಚೇರಿಯವರು, ವಕೀಲರು, ಮಾಸ್ತರುಗಳು. ಹಿಂದೆ ನೆಲದ ಮೇಲೆ ಹೆಂಗಸರು. ಶಾಕೀರಾ ನನ್ನ ಪಕ್ಕ ಬಂದು ಕೂತಳು. ನಮ್ಮವರು ಉಡಿಗೆ ಕಾಯಿ ಸುರಿದುಕೊಂಡು ಪಟಪಟ ಒಡೆಯತೊಡಗಿದರು.

ಅಧ್ಯಕ್ಷತೆಗೆ ಕೂತವರು ಜಿಲಾನಿಸಾಬ್ ಎಂಬ ಹಳೆಯ ವಕೀಲರು. ಕೈಯಲ್ಲಿ ಬೀಸಣಿಗೆ, ಕಣ್ಣು ಅರ್ಧ ಮುಚ್ಚಿತ್ತು. ವೆಂಕೋಬ ಹಾರ ಹಾಕಿಸಿಕೊಂಡು ಎರಡನೆಯ ಭಾಗ ಓದಿದ. ಅದರಲ್ಲಿ ಆಕಾಶದಿಂದ ದೇವಿ ಇಳಿದು ಬಂದಳು. ಹೊಳೆ ತಾನೇ ಎದ್ದು ನಿಂತಿತು. ಮಾಂತ್ರಿಕ ತಪ್ಪಾಯಿತೆಂದು ಅಳುತ್ತಾ ಪಾದಕ್ಕೆ ಬಿದ್ದ, ದೇವಿ ಅವನಿಗೆ ನೀತಿ ಹೇಳಿದಳು, ಬಹಳ ಹೊತ್ತು ಹೇಳಿದಳು. ನಾನು ನೋಡುತ್ತಿದ್ದದ್ದು ವೆಂಕೋಬನನ್ನಲ್ಲ, ಆದೆಮ್ಮನ ಕೈಯನ್ನು. ಅದು ಒಂದು ಸಲವೂ ನಿಲ್ಲಲಿಲ್ಲ. ಅವನು ಓದಿ ಮುಗಿಸುವಷ್ಟರಲ್ಲಿ ಎಂಟು ಸೇರು ಬೀಜ ಆಗಿತ್ತು.

ಚಪ್ಪಾಳೆ ಮುಗಿಯುವುದನ್ನೇ ಕಾದು ಎದ್ದು ನಿಂತೆ.

"ಅಧ್ಯಕ್ಷರಿಗೆ ಶರಣ್ರಿ. ಈ ಕಥಿ ಈ ಮಾಸ್ತರದು ಅಲ್ರಿ. ಮೊದಲನೇ ಭಾಗ ಬರದಾಕಿ ನಾನು. ಈಗ ಓದಿದ್ದು ಮಾತ್ರ ಖರೇನ ಅವರದ ಐತಿ, ಅದನ್ನ ನಾ ಬ್ಯಾಡ ಅನ್ನಂಗಿಲ್ಲ."

ಹೆಂಗಸರ ಕಡೆಯಿಂದ ನಗು ಬಂತು. ಮುಂದಿನ ಕುರ್ಚಿಗಳು ತಿರುಗಿದವು. ವೆಂಕೋಬ ಎದ್ದ, ನಗುತ್ತಲೇ ಹೇಳಿದ, "ಪಾಪ, ನಮ್ಮ ಊರಿನ ಹೆಣ್ಣುಮಗಳ್ರಿ. ಅಕ್ಷರ ಬರಂಗಿಲ್ಲ. ರೇಷನ್ ಕಾರ್ಡಿನ್ಯಾಗ ಹೆಬ್ಬೆಟ್ಟು ಐತಿ, ಬೇಕಾದ್ರ ನೋಡ್ರಿ."

ಜಿಲಾನಿಸಾಬರು ಕಣ್ಣು ತೆರೆದರು. "ಬರೆಯಾಕ ಬರ್ತದೇನವ್ವಾ?"

ಹನ್ನೊಂದು ವರ್ಷದ ಹಿಂದೆ ಕಾರಕೂನ ಕೇಳಿದ್ದೂ ಇದನ್ನೇ. ಈ ಸಲ ನಾನು ಬಾಯಲ್ಲಿ ಉತ್ತರ ಕೊಡಲಿಲ್ಲ. ನೋಟುಬುಕ್ಕು ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟೆ. ಅವರು ನೇರವಾಗಿ ಬಲಗಡೆಯಿಂದ ತೆರೆದರು. ತುಟಿ ಅಲ್ಲಾಡಿತು. ಹುಬ್ಬು ಮೇಲೇರಿತು.

"ಅಕ್ಷರ ಉರ್ದು. ಮಾತು ನಮ್ಮ ಕನ್ನಡ" ಎಂದರು.

ಮುಂದಿನ ಸಾಲಿನಿಂದ ಯಾರೋ, "ಅದೆಂಥಾ ಕನ್ನಡ್ರಿ? ರಾಜ್ಯೋತ್ಸವದ ದಿನ ಈ ಅಕ್ಷರ ಓದೋದೇನ್ರಿ?" ಎಂದರು. ಇನ್ನೂ ನಾಲ್ಕು ದನಿ ಕೂಡಿದವು. ನನಗೆ ರೇಗಿಹೋಯಿತು.

"ಮುಂದ ಕುಂತೋರಾಗ ನಲವತ್ತು ದಾಟಿದೋರು ಎಷ್ಟು ಮಂದಿ ಅದೀರಿ? ಸಣ್ಣವರಿದ್ದಾಗ ಶಾಲ್ಯಾಗ ಯಾವ ಅಕ್ಷರ ತಿದ್ದೀರಿ? ನೌಕರಿಗೆ ಅರ್ಜಿ ಯಾವ ಅಕ್ಷರದಾಗ ಬರದೀರಿ? ಕೈ ಎತ್ರಿ. ನಿಮಗ ಆ ಅಕ್ಷರ ನೌಕರಿ ಕೊಡ್ತು, ನೀವು ಮರತ್ರಿ. ನನಗ ಅದು ಕನ್ನಡ ಬರೆಯಾಕ ಕೊಡ್ತು, ನಾ ಮರೆಯಂಗಿಲ್ಲ."

ಪೆಂಡಾಲಿನಲ್ಲಿ ಶೇಂಗಾ ಒಡೆಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮುಂದಿನ ಸಾಲಿನ ತುದಿಯಲ್ಲಿ ಧೋತರ ಉಟ್ಟ ಒಬ್ಬ ಮುದುಕ, ಕಚೇರಿಯಿಂದ ನಿವೃತ್ತನಾದವನಂತೆ, ಮೆಲ್ಲಗೆ ಕೈ ಎತ್ತಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಏಳೆಂಟು ಕೈ. ಜಿಲಾನಿಸಾಬರೂ ಬೀಸಣಿಗೆ ಹಿಡಿದ ಕೈಯನ್ನೇ ಎತ್ತಿ ಇಳಿಸಿದರು.

"ಆತು. ಅಕ್ಷರದ ತಕರಾರು ಮುಗೀತು. ಈಗ ಎರಡನೇ ಭಾಗ ನೀ ಓದವ್ವಾ" ಎಂದರು.

ಗದ್ದೆಯಲ್ಲಿ ಗಟ್ಟಿಯಾದ ಐದು ಅಧ್ಯಾಯ ಅದೇ ನೋಟುಬುಕ್ಕಿನಲ್ಲಿದ್ದವು. ಅದರಲ್ಲಿ ಒಂದನ್ನು ಓದಿದ್ದರೆ ಸಾಕಾಗುತ್ತಿತ್ತು. ಆದರೆ ನಮ್ಮವರು ಅದನ್ನು ಮೊದಲೇ ಕೇಳಿದವರು, ನನ್ನ ಮುಖ ನೋಡಿ ಬೇಕೆಂದೇ ಕೈ ನಿಲ್ಲಿಸಿಬಿಡುತ್ತಿದ್ದರು. ಹಾಗೆ ಗೆಲ್ಲುವುದಾದರೆ ನನಗೂ ಆ ವೆಂಕೋಬನಿಗೂ ಏನು ಫರಕು? ಪುಟ ತಿರುವಿ, ಯಾರೂ ಕೇಳಿರದ ಆರನೆಯ ಅಧ್ಯಾಯ ತೆಗೆದೆ. ಈ ಮಂದಿಯ ಮುಂದೆ ಬಿದ್ದುಹೋದರೆ ನನ್ನ ಹೆಸರು ಇವತ್ತಿಗೇ ಮಣ್ಣು. ಆದರೂ ಓದಿದೆ.

ದುರುಗಿ ಪಾಳುಬಾವಿಗೆ ಇಳಿಯುತ್ತಾಳೆ. ತಳದಲ್ಲಿ ಹೊಳೆ ಮೈ ಮುದುಡಿಕೊಂಡು ಮಲಗಿದೆ, ಗೊರಸೆಲ್ಲ ಸವೆದಿವೆ. ಅವಳು ಒಂದೊಂದೇ ಗೊರಸಿಗೆ ತನ್ನ ಸೀರೆ ಹರಿದು ಕಟ್ಟುತ್ತಾಳೆ. ಆಗ ಬಾವಿಯ ಬಾಯಲ್ಲಿ ಒಂದು ನೆರಳು ಬಗ್ಗುತ್ತದೆ. "ಮಗಳೇ" ಎಂದು ಕರೆಯುತ್ತದೆ, ಅವಳ ಸತ್ತುಹೋದ ತಾಯಿಯ ದನಿ. ಹಗ್ಗ ಇಳಿಬಿಟ್ಟಿದ್ದೇನೆ, ಹೊಳೆ ಬಿಟ್ಟು ಮೇಲೆ ಬಾ ಎನ್ನುತ್ತದೆ. ದುರುಗಿ ಹಗ್ಗಕ್ಕೆ ಕೈ ಹಾಕುತ್ತಾಳೆ, ಅರ್ಧ ಏರುತ್ತಾಳೆ, ತಲೆ ಎತ್ತಿ ನೋಡುತ್ತಾಳೆ. ಅದು ತಾಯಿಯದೇ ಬಾಯಿ, ಕೆಳತುಟಿಯ ಮೇಲಿನ ಮಚ್ಚೆಯೂ ಅದೇ. ಆದರೆ ಆ ಬಾಯಿಯ ಮೇಲೆ ಕನ್ನಡಕ ಹಾಕಿದ ಕಣ್ಣುಗಳಿವೆ.

ಇಲ್ಲಿ ಜನ ಒಮ್ಮೆಲೇ ವೆಂಕೋಬನ ಕಡೆ ತಿರುಗಿದರು. ಅವನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಅದನ್ನು ನಾನು ಬೇಕೆಂದೇ ಬರೆದಿದ್ದೆ, ಸುಳ್ಳು ಯಾಕೆ ಹೇಳಲಿ.

ಮುಂದೆ ಓದಿದೆ. ದುರುಗಿ ಕೇಳುತ್ತಾಳೆ, "ನನ್ನವ್ವ ಆಗಿದ್ರ ಹೇಳು. ನಾ ಸಣ್ಣಾಕಿ ಇದ್ದಾಗ ರೊಟ್ಟಿ ಬಡಿಯೋವಾಗ ನನಗ ಏನಂತ ಕರೀತಿದ್ದಿ?" ಮಾಂತ್ರಿಕ ಕದ್ದ ಬಾಯಿ ತೆರೆಯುತ್ತಾನೆ. ಬಾಯಿ ಸಿಕ್ಕಿದೆ, ಅದರೊಳಗಿನ ಮಾತು ಅವನಿಗೆ ಸಿಕ್ಕಿಲ್ಲ. ಅವನ ಕೈಯಲ್ಲಿ ಹಗ್ಗ, ಹಗ್ಗದಲ್ಲಿ ದುರುಗಿ, ಕೆಳಗೆ ಏಳಲಾರದ ಹೊಳೆ. ಆ ತುಟಿಗಳು ತಾವಾಗಿಯೇ ಅಲುಗತೊಡಗುತ್ತವೆ, ಮತ್ತು ಅವುಗಳಿಂದ ಹೊರಟ ಮೊದಲ ಮಾತು...

ಆಗಲೇ ನನಗೆ ಕೇಳಿಸಿದ್ದು, ಶೇಂಗಾ ಒಡೆಯುವ ಸದ್ದು ನಿಂತಿದೆ. ಯಾವಾಗ ನಿಂತಿತೋ ಗೊತ್ತಿಲ್ಲ. ಆದೆಮ್ಮನ ಎರಡು ಬೆರಳ ನಡುವೆ ಒಂದು ಕಾಯಿ ಹಾಗೆಯೇ ಇತ್ತು. ಜಿಲಾನಿಸಾಬರ ಬೀಸಣಿಗೆಯೂ ಎದೆಯ ಹತ್ತಿರ ನಿಂತುಬಿಟ್ಟಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಬಂದ ನೀರು, ಅದನ್ನು ಒರೆಸಿಕೊಳ್ಳಲಿಲ್ಲ. ನೋಟುಬುಕ್ಕು ಮುಚ್ಚಿದೆ.

"ಮುಂದ?" ಎಂದು ಯಾರೋ ಕೂಗಿದರು. "ಮುಂದ ಓದವ್ವಾ!" ಎಂದು ಪೆಂಡಾಲೇ ಕೂಗಿತು.

"ಮುಂದಿಂದು ಮಾಸ್ತರ ಹೇಳ್ತಾರ. ಕಥಿ ಅವರದಂತಲ್ಲ. ಹೇಳ್ರಿ ಮಾಸ್ತರ, ಅವ್ವ ಏನಂತ ಕರೀತಿದ್ಲು?"

ವೆಂಕೋಬ ಎದ್ದು ನಿಂತ. ಬಾಯಿ ತೆರೆದ. ಏನೂ ಬರಲಿಲ್ಲ. ಕುರ್ಚಿಯಲ್ಲಿ ಕೂತುಕೊಂಡ, ಕೊರಳ ಹಾರ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಜನ ಈಗ ನನ್ನನ್ನೇ ಬೇಡತೊಡಗಿದರು. ಗದಗಿನಿಂದ ಬಂದಿದ್ದ ಪ್ರಕಾಶಕರ ಕಡೆಯವನು ವೇದಿಕೆಯ ಹತ್ತಿರ ಬಂದು, "ಆ ಒಂದು ಮಾತು ಹೇಳಿಬಿಡ್ರಿ ತಾಯಿ, ಉಳಿದದ್ದು ಆಮ್ಯಾಲೆ ನೋಡೋಣ್ರಿ" ಎಂದ.

"ಆ ಮಾತು ಪುಸ್ತಕದಾಗ ಐತ್ರಿ. ಪುಸ್ತಕದ ಮ್ಯಾಲೆ ನನ್ನ ಹೆಸರು ಐತಿ. ಅಚ್ಚು ಹಾಕ್ರಿ, ಎಲ್ಲಾರೂ ಓದ್ರಿ."

ಹೇಳಲಿಲ್ಲ. ಬಸ್ಸಿನಲ್ಲಿ ಆದೆಮ್ಮ ಮಸ್ಕಿಯವರೆಗೂ ಪೀಡಿಸಿದಳು, ಅವಳಿಗೂ ಹೇಳಲಿಲ್ಲ. ಮನೆಗೆ ಬಂದರೆ ಹೊನ್ನೂರಪ್ಪ ಬಾಗಿಲಲ್ಲೇ ನಿಂತಿದ್ದ. ನಮಗಿಂತ ಮೊದಲಿನ ಬಸ್ಸಿನಲ್ಲಿ ಬಂದ ಯಾರೋ ಊರಿಗೆಲ್ಲ ಹೇಳಿಬಿಟ್ಟಿದ್ದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಕೇಳಿದ, "ಅಲ್ಲಲೇ, ಆ ಅವ್ವ ಏನಂತ ಕರೀತಿದ್ಲು?" ಅವನಿಗಂತೂ ಖಂಡಿತ ಹೇಳಲಿಲ್ಲ. ಹದಿನೆಂಟು ವರ್ಷ ನಾನು ಕಾದಿದ್ದೆ, ಪುಸ್ತಕ ಬರುವವರೆಗೆ ಅವನು ನಾಲ್ಕು ತಿಂಗಳು ಕಾಯಲಿ.

ಮೊದಲ ಭಾಗದ ಮೇಲೆ ಈಗಲೂ ವೆಂಕೋಬನ ಹೆಸರೇ ಇದೆ. ಹೋಗಲಿ ಬಿಡು ಎನ್ನುವ ಹೆಂಗಸು ನಾನಲ್ಲ. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಆ ಪುಸ್ತಕ ಕಂಡಾಗಲೆಲ್ಲ ಸೆರಗಿನ ಗಂಟಿನಿಂದ ಪೆನ್ಸಿಲ್ ತೆಗೆದು, ಹಿಂದಿನ ಪುಟದ ಹಲ್ಲುಪುಡಿಯ ಮೇಲೆ ನನ್ನ ಹೆಸರು ಬರೆದು ಬರುತ್ತೇನೆ. ಅಂಗಡಿಯವನು ಮೊದಲು ಬೈಯುತ್ತಿದ್ದ. ಈಗ ಅವನೇ ಹೊಸ ಕಟ್ಟು ಬಂದಾಗ ಕರೆದು ಕೂರಿಸುತ್ತಾನೆ.

ಎರಡನೆಯ ಭಾಗಕ್ಕೆ ಪ್ರಕಾಶಕರು ನನ್ನ ಹೆಸರಿಗೆ ಒಪ್ಪಿ ಕಾಗದ ಬರೆದರು. ನಾನು ಇನ್ನೊಂದು ಕರಾರು ಹಾಕಿದೆ. ಹಿಂದಿನ ಪುಟದಲ್ಲಿ ಜಾಹೀರಾತು ಬೇಡ, ಅಲ್ಲಿ ನನ್ನ ಅಕ್ಷರದಲ್ಲಿ ನನ್ನ ಹೆಸರು ಬರಬೇಕು, ನಾನೇ ಬರೆದು ಕಳಿಸುತ್ತೇನೆ, ಅದನ್ನೇ ಅಚ್ಚಿನ ಬ್ಲಾಕ್ ಮಾಡಿಸಿ. ಓದುವವರು ಅದನ್ನು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ ಎಂದು ಅವರು ಬರೆದರು. ಅಂದುಕೊಳ್ಳಲಿ ಎಂದು ಶಾಕೀರಾಳಿಂದ ಒಂದೇ ಸಾಲು ಬರೆಸಿದೆ.

ಪುಸ್ತಕ ಅಂಚೆಯಲ್ಲಿ ಬಂತು. ಕಟ್ಟು ಬಿಚ್ಚುವಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಕೈ ತೊಳೆದುಕೊಂಡು, ಬಲಗಡೆಯಿಂದ ತೆರೆಯುವಂತೆ ತಿರುವಿ ಹಿಡಿದು, ಕುಂಕುಮ ಹಚ್ಚಿದೆ. ಈ ಸಲ ನನ್ನ ಹೆಸರು ಎಲ್ಲಿದೆ ಎಂದು ಯಾರನ್ನೂ ಕೇಳಲಿಲ್ಲ.